ಕರೆಗಾಗಿ ಕಾದವನು

ಉತ್ತಯ್ಯ ಹದಿನಾಲ್ಕು ವರ್ಷ ಬ್ಯಾಸ್ಕೆಟ್‌ಬಾಲ್ ಆಡಿದವನು. ಆಟವೇ ಅವನ ಉದ್ಯೋಗ. ಜನ ಅವನನ್ನು ಗುರುತಿಸುತ್ತಿದ್ದದ್ದೂ ಅದರಿಂದಲೇ.

ಮಂಡಿ ಕೈಕೊಟ್ಟ ಮೇಲೆ, ಕೊನೆಯ ಎರಡು ವರ್ಷ, ತಂಡ ಅವನನ್ನು ಬೆಂಚಿನ ಮೇಲೆ ಕೂರಿಸಿತು. ಕೋಚ್ ಇತ್ತ ತಿರುಗಿದಾಗಲೆಲ್ಲ, ಈಗ ಕರೆಯುತ್ತಾರೆ ಎಂದು ಜಾಕೆಟ್ಟಿನ ಜಿಪ್ಪು ಅರ್ಧ ಇಳಿಸುತ್ತಿದ್ದ. ಕರೆ ಬರುತ್ತಿರಲಿಲ್ಲ. ಮತ್ತೆ ಏರಿಸುತ್ತಿದ್ದ.

ಒಂದು ದಿನ ತಂಡ ಅವನನ್ನು ಬೇಡವೆಂದಿತು. ಅವನು ಹೊಳೆದಂಡೆಯ ಆಶ್ರಮಕ್ಕೆ ಬಂದ.

"ಗುರುಗಳೇ, ನಾನೇನು ಮಾಡಬೇಕು, ಹೇಳಿ."

ಗುರು ಅಚಲಾನಂದರು, "ಇರು," ಎಂದರು. ಅಷ್ಟೇ.

ಉತ್ತಯ್ಯ ಜಗಲಿಯ ತುದಿಯಲ್ಲಿ ಕೂತ. ಆರೂವರೆ ಅಡಿಯ ಆಳು, ಮುದುಡಿಕೊಂಡು. ಗುರುಗಳು ಕೆಮ್ಮಿದರೆ ಎದ್ದು ನಿಲ್ಲುತ್ತಿದ್ದ. ಬಾಗಿಲು ಸದ್ದಾದರೆ ಬೆವರುತ್ತಿದ್ದ. ಎಂಟು ದಿನ ಕಳೆದವು. ಊಟ ಸೇರದಾಯಿತು.

ಒಂಬತ್ತನೆಯ ದಿನ, ಅಡುಗೆಯ ಚೆನ್ನಾಜಮ್ಮ ಹಿತ್ತಲಿಗೆ ಹೋಗಿದ್ದಾಗ, ಒಲೆಯ ಕಡೆಯಿಂದ ಸೀದ ವಾಸನೆ ಬಂತು. ಉತ್ತಯ್ಯ ಗುರುಗಳ ಮುಖ ನೋಡಿದ. ಗುರುಗಳೇ ಎದ್ದು ಹೋಗಿ ಅನ್ನದ ತಪ್ಪಲೆ ಇಳಿಸಿ ಬಂದರು.

"ನಿನಗೆ ವಾಸನೆ ಬರಲಿಲ್ಲವೇ?"

"ಬಂತು. ಆದರೆ ನೀವು ಹೇಳಲಿಲ್ಲವಲ್ಲ... ಏನಾದರೂ ತಪ್ಪಾದೀತು ಅಂತ ಭಯವಾಯಿತು."

ಅಂದು ಗುರುಗಳು ಅವನಿಗೆ ಆ ಸೀದ ಅನ್ನವನ್ನೇ ಬಡಿಸಿದರು. ತಾವೂ ಅದನ್ನೇ ಉಂಡರು.

ಮಾರನೆಯ ಬೆಳಿಗ್ಗೆ ಹೊಳೆ ಏರಿತ್ತು. ಇಬ್ಬರೂ ದಂಡೆಯ ಕಟ್ಟೆಯ ಮೇಲೆ ಕೂತಿದ್ದರು. ಚೆನ್ನಾಜಮ್ಮ ಪಾತ್ರೆ ತೊಳೆಯಲು ಮೆಟ್ಟಿಲಿಳಿದಳು. ಕೊನೆಯ ಮೆಟ್ಟಿಲಲ್ಲಿ ಕಾಲು ಜಾರಿತು. ಕೂಗುವ ಮೊದಲೇ ಸೆಳವು ಅವಳನ್ನು ಎಳೆದುಕೊಂಡಿತು.

ಉತ್ತಯ್ಯ ನಾಲ್ಕು ಮೆಟ್ಟಿಲು ಒಟ್ಟಿಗೇ ಹಾರಿದ. ಮಂಡಿಯೊಳಗೆ ಏನೋ ಹರಿದಂತಾಯಿತು. ಎದೆಮಟ್ಟದ ನೀರಲ್ಲಿ ನಿಂತು ಕೈ ಚಾಚಿದ. ಬೆರಳಿಗೆ ಅವಳ ತೋಳು ಸಿಕ್ಕಿತು. ಜಾರಿತು. ಮತ್ತೆ ಸಿಕ್ಕಿತು. ಬಿಡಲಿಲ್ಲ.

ದಡಕ್ಕೆ ಬಂದ ಚೆನ್ನಾಜಮ್ಮ ನೀರು ಕಕ್ಕಿದಳು. ಅಳುತ್ತಲೇ, "ಕೈಯಲ್ಲ ಕಣಪ್ಪ ಇದು, ಕಾಯಿ ಕೀಳೋ ದೋಟಿ!" ಎಂದಳು.

ಅವಳನ್ನು ಒಳಗೆ ಮಲಗಿಸಿ ಬಂದ ಮೇಲೆ ಉತ್ತಯ್ಯ ಜಗಲಿಯಲ್ಲಿ ಕಾಲು ಚಾಚಿ ಕೂತ. ಮಂಡಿ ಊದಿಕೊಂಡಿತ್ತು.

"ಗುರುಗಳೇ, ಈ ಕಾಲಿನಲ್ಲಿ ಇನ್ನು ಎಂದೂ ಆಡಲಾರೆ. ಬೇರೇನೂ ಕಲಿತವನಲ್ಲ. ಕಣ್ಣು ಬಿಟ್ಟರೆ ಭಯ, ಮುಚ್ಚಿದರೆ ಭಯ. ಹತ್ತು ದಿನದಿಂದ ನಿಮ್ಮ ಬಾಯನ್ನೇ ನೋಡುತ್ತಿದ್ದೇನೆ. ಇನ್ನಾದರೂ ಹೇಳಿ, ನಾನು ಏನು ಮಾಡಲಿ?"

ಗುರುಗಳು ಅವನ ಮಂಡಿಗೆ ಬಟ್ಟೆ ಸುತ್ತುತ್ತಿದ್ದರು. ಗಂಟು ಹಾಕಿ, ತಲೆಯೆತ್ತಿ ಕೇಳಿದರು:

"ಚೆನ್ನಾಜಮ್ಮ ನೀರಿಗೆ ಬಿದ್ದಾಗ ನನ್ನನ್ನು ಕೇಳಿದೆಯಾ?"