ಅಡ್ಡಸೊಪ್ಪಿನ ಹೊಂಬಯ್ಯ

ಬಹಳ ಹಿಂದೆ, ಬೆಟ್ಟದ ಬುಡದಲ್ಲಿ ಒಂದು ಊರಿತ್ತಂತೆ. ಎಷ್ಟು ಹಿಂದೆ ಅಂತ ಕೇಳಬೇಡಿ. ಈಗ ಊರಬಾಗಿಲಲ್ಲಿ ನಿಂತಿದೆಯಲ್ಲ ಮುದಿ ಹುಣಸೆಮರ, ಅದು ಆಗಿನ್ನೂ ಯಾರೋ ಚೀಪಿ ಉಗುಳಿದ ಬೀಜ ಅಂತಾರೆ. ಅಷ್ಟು ಹಿಂದೆ. ಊರಿನ ಹೆಸರು ಕಾರೆಪಾಳ್ಯ, ಬೆಟ್ಟದ ಹೆಸರು ಗವಿಯಪ್ಪನ ಬೆಟ್ಟ. ತುದಿಯಲ್ಲೊಂದು ಗವಿ, ಗವಿಯೊಳಗೆ ನಮ್ಮಪ್ಪ ಗವಿಯಪ್ಪ. ಅವನಿಗೆ ಗುಡಿಯಿಲ್ಲ, ಗೋಪುರವಿಲ್ಲ. ಸೋಮವಾರ ಸೋಮವಾರ ಒಂದು ದೀಪ. ಅಷ್ಟೇ ಅವನು ಕೇಳಿದ್ದು.

ಆ ದೀಪಕ್ಕೆ ಹಿಪ್ಪೆಎಣ್ಣೆ ಹೊತ್ತು ಹೋಗುವುದು ಒಂದೇ ಮನೆತನದ ಸೇವೆ. ಒಣಗಿಸಿದ ಸೋರೆಬುರುಡೆಯ ತುಂಬ ಎಣ್ಣೆ ತುಂಬಿಕೊಂಡು, ಅದನ್ನು ಹೆಗಲಿಗೆ ತೂಗಿಕೊಂಡು, ಮಧ್ಯಾಹ್ನಕ್ಕೆ ಹೊರಟರೆ ಹೊತ್ತು ಮುಳುಗುವ ಮುಂಚೆ ದೀಪ ಹತ್ತಬೇಕು. ಕೆಳಗೆ ಊರವರು ಆ ಬೆಳಕಿಗೆ ಕೈಮುಗಿದು ಆಮೇಲೆ ತಮ್ಮ ಮನೆಯ ದೀಪ ಹಚ್ಚಬೇಕು. ಅಲ್ಲಿಯ ತನಕ ಒಲೆಗೂ ಬೆಂಕಿಯಿಲ್ಲ, ಹೊಟ್ಟೆಗೂ ಮುದ್ದೆಯಿಲ್ಲ.

ಬೆಟ್ಟಕ್ಕೆ ದಾರಿ ಒಂದೇ. ಆದರೆ ಕವಲು ಹನ್ನೆರಡು ಅಂತಾರೆ. ಇಪ್ಪತ್ತು ಅನ್ನುವವರೂ ಇದ್ದಾರೆ. ದನ ತುಳಿದದ್ದೊಂದು, ಜೇನು ಕೀಳುವವರದ್ದೊಂದು, ಬಿದಿರು ಕಡಿಯುವವರದ್ದೊಂದು, ಜಿಂಕೆ ನೀರಿಗಿಳಿದದ್ದೊಂದು, ಮಳೆ ಕೊರೆದದ್ದೊಂದು. ನೋಡಿದರೆ ಎಲ್ಲ ಒಂದೇ ತರ. ಕೆಂಪು ಮಣ್ಣು, ಎರಡೂ ಬದಿಗೆ ಕಾರೆಮುಳ್ಳು, ಮುಂದೊಂದು ಕರಿಬಂಡೆ. ಬಂಡೆ ಬಳಸಿ ಹೋದರೆ ಮತ್ತೆ ಕೆಂಪು ಮಣ್ಣು, ಮತ್ತೆ ಕಾರೆಮುಳ್ಳು, ಮತ್ತೊಂದು ಕರಿಬಂಡೆ. ಅದು ಮೊದಲು ನೋಡಿದ ಬಂಡೆಯೋ ಬೇರೆಯದೋ, ಗವಿಯಪ್ಪನೇ ಬಲ್ಲ.

ಇಂಥ ಬೆಟ್ಟದ ಎಣ್ಣೆಸೇವೆ ಯಾರ ಪಾಲಿಗೆ ಬಂತು ಅಂದರೆ, ಹೊಂಬಯ್ಯನ ಪಾಲಿಗೆ.

ಹೊಂಬಯ್ಯ ಒಳ್ಳೆಯವನು. ಇರುವೆಗೆ ದಾರಿ ಬಿಟ್ಟು ನಡೆಯುವವನು. ಆದರೆ ಅವನಿಗೆ ದಿಕ್ಕು ಅನ್ನುವುದೇ ತಿಳಿಯುತ್ತಿರಲಿಲ್ಲವಂತೆ. ಅವನು ಹುಟ್ಟುವ ದಿನ ಅವನ ತಾಯಿ ಗೊತ್ತಿಲ್ಲದೆ ಮರುಳುಬಳ್ಳಿಯಲ್ಲಿ ಸೌದೆ ಕಟ್ಟಿ ತಂದಿದ್ದಳು, ತುಳಿದವರಿಗೇ ದಿಕ್ಕು ತಪ್ಪಿಸುವ ಬಳ್ಳಿ ಅದು, ಹೊತ್ತು ತಂದರೆ ಬಿಟ್ಟೀತೇ ಅಂತಾರೆ. ಬಳ್ಳಿಯೂ ಅಲ್ಲ ಗಿಳ್ಳಿಯೂ ಅಲ್ಲ, ಗವಿಯಪ್ಪನಿಗೆ ಅವನ ಜೊತೆ ಕಣ್ಣಾಮುಚ್ಚಾಲೆಯಾಡುವ ಆಸೆ ಅಂತಲೂ ಅಂತಾರೆ. ನಾನು ಎರಡನ್ನೂ ನಂಬುತ್ತೇನೆ.

ಅವನ ಹೆಂಡತಿ ಮಂಚವ್ವ ಬಾವಿಕಟ್ಟೆಯಲ್ಲಿ ಹೇಳಿಕೊಂಡು ನಗುತ್ತಿದ್ದಳಂತೆ. "ಹಿತ್ತಲಿಂದ ಕರಿಬೇವು ತಾ ಅಂದ್ರೆ ಪಕ್ಕದ ಮನೆ ಹಿತ್ತಲಿಂದ ತರ್ತಾನೆ ಕಣ್ರವ್ವ. ಅವರು ಬೈಯೋಕೆ ಬಂದ್ರೆ, ನೀವ್ಯಾಕೆ ನಮ್ಮ ಹಿತ್ತಲಿಗೆ ಬಂದ್ರಿ ಅಂತ ಅವರನ್ನೇ ಕೇಳ್ತಾನೆ."

ಹೀಗಾಗಿ ಪ್ರತಿ ಸೋಮವಾರವೂ ಹೊಂಬಯ್ಯ ದಾರಿ ತಪ್ಪುತ್ತಿದ್ದ. ಗವಿಗೆ ಹೋಗುತ್ತಿದ್ದೇನೆ ಅಂದುಕೊಂಡು ಜೇನುಬಂಡೆಗೆ ಹೋಗುತ್ತಿದ್ದ. ಅಲ್ಲಿಂದ ತಿರುಗಿದರೆ ಬಿದಿರುಮೆಳೆಗೆ. ಬಿದಿರುಮೆಳೆಯಲ್ಲಿ ಕೂತು, ತಲೆವಸ್ತ್ರ ಬಿಚ್ಚಿ ಕೊಡವಿ ಮತ್ತೆ ಕಟ್ಟಿಕೊಂಡು (ಮರುಳು ಬಿಡಿಸುವುದಕ್ಕೆ ಹಾಗೆ ಮಾಡಬೇಕು ಅಂತಾರೆ), "ಅಪ್ಪಾ, ನಾನೆಲ್ಲಿದ್ದೀನಿ ನೀನೇ ಹೇಳು" ಅಂತ ಕೇಳಿ ಮತ್ತೆ ನಡೆಯುತ್ತಿದ್ದ. ಹೇಗೋ ಗವಿ ಸಿಗುತ್ತಿತ್ತು. ದೀಪವೂ ಹತ್ತುತ್ತಿತ್ತು. ಹತ್ತುವ ಹೊತ್ತಿಗೆ ಕೆಳಗೆ ಊರೆಲ್ಲ ಹಸಿದು ಬೆಟ್ಟದ ಕಡೆ ಕಣ್ಣು ನೆಟ್ಟುಕೊಂಡು ಕೂತಿರುತ್ತಿತ್ತು.

ಊರ ಯಜಮಾನ ಕೆಂಗಯ್ಯ ಅಂತ. ಕಣ್ಣಿಗೆ ಬಟ್ಟೆ ಕಟ್ಟಿ ಬಿಟ್ಟರೂ ಗವಿಗೆ ಹೋಗಿ ಬರುವಂಥವನು. ಹುಟ್ಟಿದಾಗಿನಿಂದ ಒಂದು ಸಲವೂ ದಾರಿ ತಪ್ಪಿದವನಲ್ಲ. ಅವನು ಕೇಳುತ್ತಿದ್ದನಂತೆ, "ಏನ್ಲಾ ಹೊಂಬ, ಇವತ್ತು ದೇವರು ನಿನಗೆ ಸಿಕ್ಕಿದ್ನೋ, ನೀನು ದೇವರಿಗೆ ಸಿಕ್ಕಿದ್ಯೋ?"

"ಯಾರು ಯಾರಿಗೆ ಸಿಕ್ಕಿದ್ರೋ ಗೊತ್ತಾಗಲಿಲ್ಲ ಯಜಮಾನ್ರೆ. ದೀಪ ಹತ್ತಿತು" ಅನ್ನುತ್ತಿದ್ದನಂತೆ ಹೊಂಬಯ್ಯ.

ಆದರೂ ಅವನಿಗೆ ಒಳಗೊಳಗೇ ಸಂಕಟ. ನಾನು ತಪ್ಪಿದ ಕಡೆ ಇನ್ನೊಬ್ಬರು ತಪ್ಪಬಾರದು ಅಂತ ಒಂದು ಕೆಲಸ ಶುರುಮಾಡಿದ. ತಪ್ಪುದಾರಿಯಿಂದ ವಾಪಸ್ಸು ಬಂದಾಗ, ಆ ದಾರಿಯ ಬಾಯಿಗೆ ತಂಗಡಿ ಗಿಡದ ಒಂದು ಹಸಿರುಕೊಂಬೆ ಮುರಿದು ಅಡ್ಡ ಹಾಕುತ್ತಿದ್ದ. ಗಾಳಿಗೆ ಹಾರದಂತೆ ಮೇಲೊಂದು ಕಲ್ಲು ಇಡುತ್ತಿದ್ದ. ಅಡ್ಡಸೊಪ್ಪು ಇದ್ದರೆ ಈ ದಾರಿ ಅಲ್ಲ ಅಂತ ಅರ್ಥ. ಹಾಕಿದ ಸೊಪ್ಪನ್ನು ತಾನೂ ದಾಟುತ್ತಿರಲಿಲ್ಲ. ದೇವರ ದಾರಿ ಕಾಯುವ ಸೊಪ್ಪು, ದಾಟಿದರೆ ದೋಷ ಅನ್ನುತ್ತಿದ್ದ. ಇಷ್ಟೇ ಆಗಿದ್ದರೆ ಊರಿಗೇ ಉಪಕಾರವಾಗುತ್ತಿತ್ತು.

ಆದರೆ ಕಾರೆಪಾಳ್ಯದವರು ಭಕ್ತರು ಕೇಳ್ರಪ್ಪ. ಕಲ್ಲಿನ ಕೆಳಗೆ ಹಸಿರುಸೊಪ್ಪು ಕಂಡರೆ ಸುಮ್ಮನೆ ಹೋಗುವವರಲ್ಲ. ಮೊದಲು ಸೌದೆ ತರುವ ಹೆಂಗಸೊಬ್ಬಳು ನೋಡಿದಳಂತೆ. ಓಹೋ, ಇಲ್ಲಿ ಯಾವುದೋ ದೇವರು ಮೂಡಿದೆ ಅಂತ ಕೈಮುಗಿದು ತಾನೂ ಒಂದು ಸೊಪ್ಪು ಹಾಕಿ ಹೋದಳು. ಹಿಂದೆ ಬಂದವಳು ಇನ್ನೊಂದು ಹಾಕಿದಳು. ದನ ಕಾಯುವವರು ಹಾಕಿದರು, ಜೇನಿನವರು ಹಾಕಿದರು. ಒಂದು ತಿಂಗಳಲ್ಲಿ ಕವಲು ಕವಲಿಗೂ ಸೊಪ್ಪಿನ ಗುಡ್ಡೆ. ಆಮೇಲೆ ಯಾರೋ ಒಬ್ಬ ಹಿರಿಯರಿಗೆ ಮನಸ್ಸಿಗೆ ಕಸಿವಿಸಿಯಾಯಿತು. ಎಲ್ಲ ದಾರಿಗೂ ಸೊಪ್ಪಿದೆ, ಗವಿಯಪ್ಪನ ದಾರಿಗೇ ಇಲ್ಲವಲ್ಲ, ಇದೆಂಥ ಅವಮರ್ಯಾದೆ ಅಂತ ಸರಿದಾರಿಗೂ ಒಂದು ಕೊಂಬೆ ಹಾಕಿ ಕಲ್ಲಿಟ್ಟರು.

ಅಲ್ಲಿಗೆ ಮುಗಿಯಿತು. ಬೆಟ್ಟದಲ್ಲಿ ಸೊಪ್ಪಿಲ್ಲದ ದಾರಿಯೇ ಉಳಿಯಲಿಲ್ಲ. ಹೊಂಬಯ್ಯ ಮೊದಲ ಕವಲಿಗೆ ಬಂದು ನಿಂತು, ಎಡಕ್ಕೆ ನೋಡಿದರೆ ಅಡ್ಡಸೊಪ್ಪು, ಬಲಕ್ಕೆ ನೋಡಿದರೆ ಅಡ್ಡಸೊಪ್ಪು, ಎದುರಿಗೂ ಅಡ್ಡಸೊಪ್ಪು. "ಅಪ್ಪಾ, ನಾನು ಎಲ್ಲ ಕಡೆಯೂ ತಪ್ಪಿಬಿಟ್ಟಿದ್ದೀನಾ?" ಅಂತ ಅಲ್ಲೇ ಕೂತುಬಿಟ್ಟನಂತೆ. ಕೊನೆಗೆ ಸೊಪ್ಪು ದಾಟದೆ ಪಕ್ಕದ ಕಾರೆಮುಳ್ಳಿನ ಸಂದಿಯಲ್ಲಿ ನುಸುಳಿ ಹೋದ. ಆ ಸೋಮವಾರ ದೀಪ ಎಷ್ಟು ತಡವಾಯಿತು ಅಂದರೆ ಕಾರೆಪಾಳ್ಯದ ಕೂಸುಗಳೆಲ್ಲ ಅತ್ತು ಅತ್ತು ಹಾಗೇ ಮಲಗಿದವಂತೆ.

ಊರವರು ಹುಣಸೆಕಟ್ಟೆಯಲ್ಲಿ ಸೇರಿದರು. ಹುಣಸೆಮರ ಇನ್ನೂ ಬೀಜವಾಗಿತ್ತು ಅಂದೆನಲ್ಲ, ಹಾಗಾದರೆ ಕಟ್ಟೆ ಎಲ್ಲಿಂದ ಬಂತು ಅಂತ ಕೇಳಿದರೆ ನನಗೆ ಗೊತ್ತಿಲ್ಲ, ನಮ್ಮಜ್ಜಿ ಹಾಗೇ ಹೇಳುತ್ತಿದ್ದಳು. ಕಟ್ಟೆಯ ಮೇಲೆ ತೀರ್ಮಾನವಾಯಿತು. ಬರುವ ಸೋಮವಾರ ಹೊತ್ತು ಮುಳುಗುವ ಮುಂಚೆ ದೀಪ ಕಾಣದಿದ್ದರೆ ಎಣ್ಣೆಬುರುಡೆ ಹೊಂಬಯ್ಯನ ಮನೆಯಿಂದ ಕೆಂಗಯ್ಯನ ಮನೆಗೆ. ಏಳು ತಲೆಮಾರಿನ ಸೇವೆ. ಅದು ತನ್ನ ಕೈಯಲ್ಲಿ ತಪ್ಪಿಹೋಗುತ್ತದಲ್ಲ ಅಂತ ಹೊಂಬಯ್ಯ ಏಳು ದಿನ ಒಂದೇ ಹೊತ್ತು ಉಂಡ ಅಂತಾರೆ.

ಆ ಸೋಮವಾರ ಬಂತು. ಬೆಳಗಿನಿಂದಲೇ ಮೋಡ ಇಳಿದು ಬೆಟ್ಟಕ್ಕೆ ಮುಸುಕು ಹಾಕಿತ್ತು. ಹೊಂಬಯ್ಯ ಮಧ್ಯಾಹ್ನದ ತನಕ ಕಾಯದೆ ಬುರುಡೆ ಹೆಗಲಿಗೇರಿಸಿ ಹೊರಟ. ಬುಡಕ್ಕೆ ಬರುವಷ್ಟರಲ್ಲಿ ಎದುರಿಗೆ ಕೆಂಗಯ್ಯ ಓಡಿಬಂದ. ತಲೆಯಲ್ಲಿ ರುಮಾಲಿಲ್ಲ, ಕಾಲಲ್ಲಿ ಮೆಟ್ಟಿಲ್ಲ. ಅವನ ಮಗಳು ಚೆನ್ನಾಜಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು, ದಿನ ತುಂಬಿದ ಬಸುರಿ. ಮೊದಲ ಕವಲಿನ ದೇವರಿಗೆ ಒಂದು ಸೊಪ್ಪು ಹಾಕಿ ಬರುತ್ತೇನೆ ಅಂತ ಮುಂಜಾನೆ ಹೋದವಳು ಬಂದಿರಲಿಲ್ಲ.

ಅಲ್ಲೊಂದು ಸೊಪ್ಪು ಹಾಕಿದವಳಿಗೆ ಮುಂದೆ ಇನ್ನೊಂದು ಸೊಪ್ಪು ಕಂಡಿತು. ಆ ದೇವರಿಗೆ ಕೊಟ್ಟು ಈ ದೇವರಿಗೆ ಇಲ್ಲ ಅನ್ನಬಾರದಲ್ಲ. ಅಲ್ಲಿಂದ ಮುಂದೆ ಇನ್ನೊಂದು. ಹೀಗೆ ಸೊಪ್ಪಿಂದ ಸೊಪ್ಪಿಗೆ ಹೋಗಿ ಹೋಗಿ ಅವಳು ಮೋಡದೊಳಗೆ ಸೇರಿಬಿಟ್ಟಿದ್ದಳು. ಬರಬೇಡಿ ಅಂತ ಹಾಕಿದ ಸೊಪ್ಪೇ ಅವಳನ್ನು ಬಾ ಅಂತ ಕರೆದಿತ್ತು.

ಕೆಂಗಯ್ಯ ಬೆಟ್ಟ ಹತ್ತಿದ, ಇಳಿದ. ಮತ್ತೆ ಹತ್ತಿದ, ಮತ್ತೆ ಇಳಿದ. ಕೂಗಿ ಕೂಗಿ ಗಂಟಲು ಕಟ್ಟಿತು. ಆದರೆ ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ. ಅವನು ಆ ದಾರಿ ಬಿಟ್ಟು ಆಚೆ ಕಾಲು ಇಟ್ಟದ್ದೇ ಇಲ್ಲ. ಮಗಳು ಸರಿದಾರಿಯಲ್ಲಿ ಇರಲಿಲ್ಲ, ಸರಿದಾರಿ ಬಿಟ್ಟು ಅವನಿಗೆ ಹುಡುಕಲು ಬರುತ್ತಿರಲಿಲ್ಲ.

ಹೊಂಬಯ್ಯ ಮೊದಲ ಕವಲಿನಲ್ಲಿ ನಿಂತ. ಹೆಗಲಲ್ಲಿ ಏಳು ತಲೆಮಾರಿನ ಬುರುಡೆ. ಸರಿದಾರಿ ಹಿಡಿದು ಹೋಗೋಣವೆಂದರೆ ಎಲ್ಲೋ ಒಬ್ಬ ಬಸುರಿ. ಅವಳನ್ನು ಹುಡುಕೋಣವೆಂದರೆ ದೀಪ ತಪ್ಪುತ್ತದೆ. ತಲೆವಸ್ತ್ರ ಬಿಚ್ಚಿ ಕೊಡವಿ ಕಟ್ಟಿಕೊಂಡ. ಏನೂ ತಿಳಿಯಲಿಲ್ಲ. ಆಗ ಅವನು ಗವಿಯಪ್ಪನಿಗೆ ಹೇಳಿದನಂತೆ, "ಅಪ್ಪಾ, ನಿನ್ನ ದಾರಿ ನನಗೆ ಯಾವತ್ತೂ ಸರಿಯಾಗಿ ಗೊತ್ತಾಗಲಿಲ್ಲ. ತಪ್ಪೋ ದಾರಿ ಮಾತ್ರ ಗೊತ್ತು. ಇವತ್ತು ಅದನ್ನೇ ಹಿಡೀತೀನಿ."

ಹಾಗಂದು ತನ್ನ ಕಾಲನ್ನೇ ನಂಬಿದ. ಯಾವ ಕವಲಿಗೆ ಬಂದರೂ ಕಾಲು ಎತ್ತ ಎಳೆಯಿತೋ ಅತ್ತ ಹೋದ. ಅಡ್ಡಸೊಪ್ಪು ದಾಟುವಂತಿಲ್ಲವಲ್ಲ, ಅದಕ್ಕೆ ದಾರಿಯ ಬಾಯಿಗಿದ್ದ ಸೊಪ್ಪನ್ನೆಲ್ಲ ಕೈಮುಗಿದು ಬಾಚಿ ಎತ್ತಿ ಪಂಚೆಯ ಮಡಿಲಿಗೆ ಹಾಕಿಕೊಂಡು ಒಳಗೆ ಹೋದ. ಜೇನುಬಂಡೆಗೆ ತಪ್ಪಿದ, ಬಿದಿರುಮೆಳೆಗೆ ತಪ್ಪಿದ, ಜಿಂಕೆಯ ನೀರಿಗೆ ತಪ್ಪಿದ. ಎಷ್ಟು ತಪ್ಪಿದನೋ ಲೆಕ್ಕವಿಲ್ಲ. ವಾಪಸ್ಸು ಬಂದ ದಾರಿಯ ಬಾಯಿಗೆ ಮಾತ್ರ ಮತ್ತೆ ಸೊಪ್ಪು ಅಡ್ಡ ಹಾಕುತ್ತಿದ್ದ. ಕೊನೆಗೆ ತಾನು ಯಾವತ್ತೂ ನೋಡದ ಒಂದು ಕರಿಬಂಡೆಯ ಮರೆಯಲ್ಲಿ ನರಳುವ ದನಿ ಕೇಳಿತು. ಚೆನ್ನಾಜಿ ಬಂಡೆಗೆ ಒರಗಿ ಕೂತಿದ್ದಳು. ನೋವು ಶುರುವಾಗಿತ್ತು.

ಅವಳು, "ಯಾರು, ಹೊಂಬಣ್ಣನಾ?" ಅಂದಳಂತೆ. ಅಷ್ಟು ನೋವಿನಲ್ಲೂ, "ಹಂಗಾದ್ರೆ ನಾನು ನಿಜವಾಗ್ಲೂ ದಾರಿ ತಪ್ಪಿದ್ದೀನಿ ಬಿಡು" ಅಂದಳಂತೆ.

ಹೊಂಬಯ್ಯ ಮಡಿಲಿನ ಸೊಪ್ಪನ್ನೆಲ್ಲ ಹಾಸಿ ಅವಳನ್ನು ಮಲಗಿಸಿದ. ಕೆಳಗೆ ಹೋಗಿ ಸೂಲಗಿತ್ತಿಯನ್ನು ಕರೆದು ತರಬೇಕು. ಎರಡು ಹೆಜ್ಜೆ ಇಟ್ಟ, ನಿಂತ. ಒಮ್ಮೆ ಈ ಬಂಡೆ ಬಿಟ್ಟು ಹೋದರೆ ಮತ್ತೆ ಇದೇ ಬಂಡೆಗೆ ಬರುವ ನಂಬಿಕೆ ಅವನಿಗೆ ಅವನ ಮೇಲೇ ಇರಲಿಲ್ಲ. ಹೊತ್ತು ಇಳಿಯುತ್ತಿತ್ತು. ಅಲ್ಲಿ ಗವಿಯಲ್ಲಿ ದೇವರು ಕತ್ತಲಲ್ಲಿ ಕೂರುತ್ತಾನೆ, ಇಲ್ಲಿ ಇವಳು.

ಹೊಂಬಯ್ಯ ಒಣಸೌದೆ ರಾಶಿ ಹಾಕಿದ. ತಲೆವಸ್ತ್ರ ಹರಿದು ಬತ್ತಿ ಹೊಸೆದ. ಏಳು ತಲೆಮಾರಿನ ಬುರುಡೆಯನ್ನು ಬಗ್ಗಿಸಿ ಕೊನೆಯ ಹನಿಯ ತನಕ ಎಣ್ಣೆ ಸುರಿದ. ಚಕಮಕಿ ಕಲ್ಲು ಕುಟ್ಟಿದ. ಆಮೇಲೆ ಬಂಡೆಯ ಆಚೆ ಬೆನ್ನು ತಿರುಗಿಸಿ ಕೂತು, "ಗವಿಯಪ್ಪಾ, ಗವಿಯಪ್ಪಾ" ಅನ್ನುತ್ತಾ ಇದ್ದ.

ಸಂಜೆಗಾಳಿಗೆ ಮೋಡ ಹರಿಯಿತು. ಕಾರೆಪಾಳ್ಯದವರು ಮೇಲೆ ನೋಡಿದರೆ ಬೆಟ್ಟದ ತುದಿಯಲ್ಲಿ ಕತ್ತಲೆ, ಪಕ್ಕೆಯಲ್ಲಿ ಬೆಳಕು. "ಅಯ್ಯೋ ಇವನ, ದೇವರನ್ನೇ ಬಿಟ್ಟು ಎಲ್ಲೋ ಬಂಡೆಗೆ ದೀಪ ಹಚ್ಚಿದ್ದಾನಲ್ಲ" ಅಂತ ಚೆನ್ನಾಜಿಯ ಸುದ್ದಿ ತಿಳಿಯದ ಒಬ್ಬ ನಕ್ಕ. ಇನ್ನೊಬ್ಬ ಬುರುಡೆ ತರಿಸಿ ಅಂದ. ಆಗ ಮಂಚವ್ವ ಎಲ್ಲರ ಎದುರು ಬಂದು ನಿಂತಳಂತೆ. "ನನ್ನ ಗಂಡ ದಾರಿ ತಪ್ತಾನೆ, ದೇವರ ಎಣ್ಣೆ ಸುಮ್ಮನೆ ಸುಡೋನಲ್ಲ. ಅಲ್ಲಿ ಯಾರೋ ಇದ್ದಾರೆ. ಹೋಗಿ" ಅಂದಳು.

ಹುಡುಕಿ ಸೋತು ಇಳಿದು ಬಂದಿದ್ದ ಕೆಂಗಯ್ಯ ಸೂಲಗಿತ್ತಿಯ ಕೈಹಿಡಿದು ಓಡಿದ. ಮೊದಲ ಕವಲಿಗೆ ಬಂದು ನಿಂತ. ಬೆಳಕು ಮೇಲಿದೆ, ದಾರಿ ಯಾವುದು? ಹುಟ್ಟಿದಮೇಲೆ ಮೊದಲ ಸಲ ಕೆಂಗಯ್ಯನಿಗೆ ದಿಕ್ಕು ತೋಚಲಿಲ್ಲ. ಮೂರು ಬಾಯಿ, ಎರಡಕ್ಕೆ ಸೊಪ್ಪಿನ ಗುಡ್ಡೆ. ಒಂದು ಮಾತ್ರ ಬರಿದು, ಬರೀ ಕಲ್ಲು ಬಿದ್ದಿದೆ. ಹೊಂಬಯ್ಯ ಸೊಪ್ಪು ದಾಟುವುದಿಲ್ಲ ಅನ್ನುವುದು ಊರಿಗೇ ಗೊತ್ತು. ಕೆಂಗಯ್ಯ ಆ ಬರಿದಾದ ಬಾಯಿಗೆ ನುಗ್ಗಿದ. ಮುಂದಿನ ಕವಲಿನಲ್ಲೂ ಹಾಗೇ, ಅದರ ಮುಂದಿನದರಲ್ಲೂ ಹಾಗೇ. ಸೊಪ್ಪಿಲ್ಲದ ದಾರಿ ಹಿಡಿದು ಹಿಡಿದು ಬೆಳಕಿನ ಬಳಿಗೆ ಬಂದರು.

ಕೂಸು ಹುಟ್ಟಿತು. ಗಂಡು ಅಂತಾರೆ, ಹೆಣ್ಣು ಅಂತಲೂ ಅಂತಾರೆ. ಈಗ ನಮ್ಮೂರಲ್ಲಿ ಅರ್ಧ ಜನ ತಾವು ಆ ಕೂಸಿನ ವಂಶ ಅಂತಾರೆ, ಯಾರನ್ನೂ ಅಲ್ಲ ಅನ್ನುವಂತಿಲ್ಲ. ತಾಯಿಯೂ ಉಳಿದಳು, ಅಷ್ಟು ಖಂಡಿತ.

ಮರುದಿನ ಹೊಂಬಯ್ಯ ಖಾಲಿ ಬುರುಡೆಯನ್ನು ಕಟ್ಟೆಯ ಮೇಲಿಟ್ಟು ಕೈಮುಗಿದ. "ನಿನ್ನೆ ಗವಿಯಲ್ಲಿ ದೀಪ ಹತ್ತಲಿಲ್ಲ. ತಪ್ಪು ನನ್ನದು, ಬುರುಡೆ ತಗೊಳ್ಳಿ" ಅಂದ. ಕೆಂಗಯ್ಯ ಬುರುಡೆ ಎತ್ತಿಕೊಂಡು ತನ್ನ ಮನೆಗೆ ಹೋದ. ಹೊಂಬಯ್ಯ ತಲೆ ತಗ್ಗಿಸಿ ನಿಂತೇ ಇದ್ದ. ಸ್ವಲ್ಪ ಹೊತ್ತಿಗೆ ಕೆಂಗಯ್ಯ ಅದೇ ಬುರುಡೆಯ ತುಂಬ ಎಣ್ಣೆ ತುಂಬಿ ತಂದು, ತನ್ನ ಕೈಯಾರೆ ಹೊಂಬಯ್ಯನ ಹೆಗಲಿಗೆ ಹಾಕಿದ. "ದಾರಿ ಬಲ್ಲೋರು ಊರ ತುಂಬ ಇದ್ದೀವಿ ಕಣಪ್ಪ. ಒಬ್ಬರೂ ನನ್ನ ಮಗಳ ಹತ್ರ ಹೋಗೋಕೆ ಆಗಲಿಲ್ಲ" ಅಂದನಂತೆ. ಹೊಂಬನನ್ನು ಅವನು ಏನ್ಲಾ ಅನ್ನುವುದು ಬಿಟ್ಟು ಅಪ್ಪ ಅಂತ ಕರೆದದ್ದು ಅದೇ ಮೊದಲು.

ಗವಿಯಲ್ಲಿ ಆ ದಿನ ದೀಪ ಹತ್ತಲಿಲ್ಲವೇ? ಕೆಲವರು ಇಲ್ಲ ಅಂತಾರೆ. ಮುಂದಿನ ಸೋಮವಾರ ಹೋಗಿ ನೋಡಿದರೆ ಹಣತೆಯಲ್ಲಿ ಬತ್ತಿ ಹೊಸದಾಗಿ ಉರಿದ ಕಪ್ಪಿತ್ತು ಅಂತ ಕೆಲವರು ಅಂತಾರೆ. ಹೊಂಬಯ್ಯನನ್ನು ಕೇಳಿದರೆ, ನಾನು ಆವತ್ತು ಎಲ್ಲೆಲ್ಲಿ ಹೋಗಿದ್ದೆ ಅಂತ ನನಗೇ ಗೊತ್ತಿಲ್ಲ, ಗವಿಗೂ ಹೋಗಿದ್ದೆನೋ ಏನೋ ಅಂದನಂತೆ. ಈ ಗೊಂದಲವನ್ನು ನಾನು ಬಿಡಿಸಲು ಹೋಗುವುದಿಲ್ಲ. ದೇವರು ಕತ್ತಲಲ್ಲಿ ಕೂತ ಅಂದರೂ ನನಗೆ ಕೈಮುಗಿಯಬೇಕು ಅನಿಸುತ್ತದೆ, ತಾನೇ ಹಚ್ಚಿಕೊಂಡ ಅಂದರೂ ಅನಿಸುತ್ತದೆ.

ಹೊಂಬಯ್ಯನ ಸಮಾಧಿ ಎಲ್ಲೂ ಇಲ್ಲ. ಮುದುಕನಾದ ಮೇಲೆ ಒಂದು ಸೋಮವಾರ ಹೋದವನು, ದೀಪ ಹತ್ತಿತು, ಅವನು ಮಾತ್ರ ಇಳಿಯಲಿಲ್ಲ ಅಂತಾರೆ. ಮಂಚವ್ವ ಅಳಲಿಲ್ಲವಂತೆ. ಬರ್ತಾನೆ, ಸ್ವಲ್ಪ ತಡ ಆಗುತ್ತೆ ಅಂತ ಒಲೆಯ ಪಕ್ಕ ಮುದ್ದೆ ಮುಚ್ಚಿಟ್ಟಳಂತೆ.

ಇವತ್ತಿಗೂ ಗವಿಯಪ್ಪನ ಬೆಟ್ಟ ಹತ್ತುವವರು ಮೊದಲ ಕವಲಿನಲ್ಲಿ ಬೇಕೆಂದೇ ತಪ್ಪುದಾರಿಗೆ ಏಳು ಹೆಜ್ಜೆ ಹೋಗುತ್ತಾರೆ. ಅಲ್ಲಿ ನಿಂತು, ಯಾರಾದರೂ ಇದ್ದೀರಾ ಅಂತ ಒಂದು ಸಲ ಕೂಗುತ್ತಾರೆ. ಉತ್ತರ ಬರದಿದ್ದರೆ ತಿರುಗಿ ಬಂದು ಅಡ್ಡಸೊಪ್ಪು ಹಾಕಿ ಕಲ್ಲಿಟ್ಟು ಮೇಲೆ ಹೋಗುತ್ತಾರೆ. ಸರಿದಾರಿಗೆ ಮಾತ್ರ ಯಾರೂ ಸೊಪ್ಪು ಹಾಕುವುದಿಲ್ಲ. ಹಾಗೆಯೇ ಸೋಮವಾರ ಸಂಜೆ ಗವಿಯ ದೀಪ ತಡವಾದರೆ ಕಾರೆಪಾಳ್ಯದಲ್ಲಿ ಯಾರೂ ಗೊಣಗುವುದಿಲ್ಲ. ಹಸಿದ ಕೂಸುಗಳಿಗೆ ತಾಯಂದಿರು ಬೆಟ್ಟ ತೋರಿಸಿ, "ತಡಿ ಮಗ, ಹೊಂಬಯ್ಯ ಯಾರನ್ನೋ ಹುಡುಕ್ತಾ ಇದ್ದಾನೆ" ಅಂತಾರೆ.