ರಿಂಗಿನ ಕೆಳಗೆ ನೂರು ಸಲ

ಹೊಳೆಯ ದಡದಲ್ಲಿ ಒಂದು ಮಣ್ಣಿನ ಅಂಗಳವಿತ್ತು. ಅದರ ತುದಿಯಲ್ಲಿ ಒಂದು ಕಂಬ, ಕಂಬಕ್ಕೆ ಬಲೆ ಕಳಚಿಹೋದ ಬಾಸ್ಕೆಟ್‌ಬಾಲ್ ರಿಂಗ್. ನಿವೃತ್ತ ವ್ಯಾಯಾಮ ಶಿಕ್ಷಕ ಚೌಡಯ್ಯ ಮೇಷ್ಟರು ಅಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಆಟ ಕಲಿಸಿದ್ದರು.

ಅಂಗಳಕ್ಕೆ ಒಂದು ನಿಯಮವಿತ್ತು. ರಿಂಗಿಗೆ ಚೆಂಡು ಎಸೆಯುವ ಮೊದಲು, ಯಾರೇ ಆಗಲಿ, ರಿಂಗಿನ ಕೆಳಗೆ ನಿಂತು ಇನ್ನೊಬ್ಬರಿಗೆ ನೂರು ಸಲ ಚೆಂಡು ಎತ್ತಿಕೊಡಬೇಕು.

ಒಂದು ಭಾನುವಾರ ಅವರ ಹಳೆಯ ಶಿಷ್ಯೆ ಜಲಜಾಕ್ಷಿ ಬಂದಳು. ಹದಿನೈದು ವರ್ಷ ರೈಲ್ವೆ ತಂಡಕ್ಕೆ ಆಡಿದವಳು. ಮೊಣಕಾಲು ಸೋತು ಆಟ ಬಿಟ್ಟು ಎಂಟು ತಿಂಗಳಾಗಿತ್ತು.

"ಇನ್ನೂ ಎತ್ತರ ಬೆಳೆದೆಯಾ?" ಅಂದರು ಮೇಷ್ಟರು.

"ಇಲ್ಲ ಸಾರ್. ನೀವು ಕುಗ್ಗಿದ್ದೀರಿ."

"ಅದೂ ಇರಬಹುದು. ಕೂತ್ಕೋ."

ಅವಳು ಕೂರಲಿಲ್ಲ.

"ಕೆಲಸ ಬಿಡ್ತಿದ್ದೀನಿ ಸಾರ್. ರಾಜೀನಾಮೆ ಪತ್ರ ಚೀಲದಲ್ಲಿದೆ. ನಾಳೆ ಕೊಡೋದು. ನಿಮಗೆ ಹೇಳಿ ಹೋಗೋಣ ಅಂತ ಬಂದೆ."

"ಆಟದಿಂದ ಸಿಕ್ಕ ಕೆಲಸ ಅಲ್ಲವಾ?"

"ಹೌದು. ಹದಿನೈದು ವರ್ಷ ಬೆಳಿಗ್ಗೆ ಹೋಗಿ ಹಾಜರಿ ಪುಸ್ತಕಕ್ಕೆ ಸಹಿ ಹಾಕ್ತಿದ್ದೆ, ಹತ್ತು ಗಂಟೆಗೆ ಮೈದಾನಕ್ಕೆ ಹೊರಡ್ತಿದ್ದೆ. ನನ್ನ ಕೆಲಸ ಬೇರೆಯವರು ಮಾಡ್ತಿದ್ದರು. ಈಗ ರಿಸರ್ವೇಶನ್ ಕೌಂಟರಿನಲ್ಲಿ ಕೂರಿಸಿದ್ದಾರೆ. ಇವತ್ತಿಗೂ ಹತ್ತು ಗಂಟೆ ಆಯಿತು ಅಂದರೆ ಎದ್ದು ನಿಂತುಬಿಡ್ತೀನಿ. ಕ್ಯೂನಲ್ಲಿರೋರು ನಗ್ತಾರೆ."

"ನಗಲಿ. ಅದಕ್ಕೆಲ್ಲ ಯಾರೂ ಕೆಲಸ ಬಿಡಲ್ಲ."

ಜಲಜಾಕ್ಷಿ ಹೊಳೆಯ ಕಡೆ ನೋಡಿದಳು.

"ವಯಸ್ಸಾದವರೊಬ್ಬರು ಬಂದಿದ್ದರು ಸಾರ್. ಅವರ ಅಣ್ಣ ಸೊಲ್ಲಾಪುರದ ಆಸ್ಪತ್ರೆಯಲ್ಲಿದ್ದರು. ನಮ್ಮಲ್ಲಿಂದ ಅಲ್ಲಿಗೆ ಗಾಡಿ ಇರೋದು ರಾತ್ರಿ ಹನ್ನೆರಡು ಇಪ್ಪತ್ತಕ್ಕೆ. ಇವರು ಹೊರಡಬೇಕಿದ್ದದ್ದು ಬುಧವಾರ ರಾತ್ರಿ. ಫಾರಂನಲ್ಲಿ ಬುಧವಾರದ ತಾರೀಕು ಬರೆದರು. ಅದೇ ತಾರೀಕಿಗೆ ಟಿಕೆಟ್ ಕೊಟ್ಟೆ."

"ಸರಿಯಾಗೇ ಇದೆಯಲ್ಲ?"

"ಇಲ್ಲ ಸಾರ್. ಹನ್ನೆರಡು ದಾಟಿದರೆ ತಾರೀಕು ಬದಲಾಗುತ್ತೆ. ಬುಧವಾರದ ಗಾಡಿ ಅಂದರೆ ಮಂಗಳವಾರ ರಾತ್ರಿ ನಾವು ಮಲಗೋ ಹೊತ್ತಿಗೆ ಬರೋ ಗಾಡಿ. ಅವರು ಬುಧವಾರ ಊಟ ಮುಗಿಸಿ ಸ್ಟೇಷನ್ನಿಗೆ ಬಂದರು. ಅವರ ಗಾಡಿ ಹಿಂದಿನ ರಾತ್ರಿಯೇ ಹೋಗಿತ್ತು. ಅವತ್ತಿನ ಗಾಡಿಯಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಮಾರನೇ ದಿನ ಬಸ್ಸು ಹಿಡಿದು ಹೋದರು. ಅಷ್ಟರಲ್ಲಿ ಅಣ್ಣ ತೀರಿಕೊಂಡಿದ್ದರು."

ಜಲಜಾಕ್ಷಿ ಚೀಲವನ್ನು ಕೆಳಗಿಟ್ಟಳು.

"ಯಾರೂ ನನ್ನನ್ನು ಬೈಯಲಿಲ್ಲ. ತಾರೀಕು ಅವರ ಕೈಬರಹದಲ್ಲೇ ಇದೆ. ನಿಯಮದ ಪ್ರಕಾರ ನನ್ನದು ತಪ್ಪಿಲ್ಲ. ಪಕ್ಕದ ಕೌಂಟರಿನ ಸಾವಿತ್ರಮ್ಮ ಆಗಿದ್ದರೆ ಒಂದು ಸಲ ಕೇಳಿಯೇ ಕೊಡ್ತಿದ್ದರು. ಹದಿನೈದು ದಿನ ಬಿಟ್ಟು ಆ ಹಿರಿಯರು ಮತ್ತೆ ಬಂದರು ಸಾರ್. ತಲೆ ಬೋಳಿಸಿಕೊಂಡಿದ್ದರು. ಜಗಳ ಆಡಲಿಲ್ಲ. 'ಇನ್ನು ಮುಂದೆ ಒಂದು ಮಾತು ಕೇಳಮ್ಮ' ಅಂದು ಹೊರಟುಹೋದರು."

ಅವಳು ಕೈ ತಗ್ಗಿಸಿ ಕೌಂಟರಿನ ಕಿಟಕಿಯ ಎತ್ತರ ತೋರಿಸಿದಳು.

"ಅವರ ಮುಖ ನಾನು ನೋಡಿದ್ದು ಅವತ್ತೇ. ಕಿಟಕಿ ನನ್ನ ಎತ್ತರಕ್ಕೆ ತಗ್ಗು. ಟಿಕೆಟ್ ಕೊಟ್ಟ ದಿನ ಬರೀ ಕೈ ಕಂಡಿತ್ತು. ನನಗೆ ಆಟ ಬರುತ್ತೆ ಸಾರ್, ಈ ಕೆಲಸ ಬರಲ್ಲ."

ಮೇಷ್ಟರು ಎದ್ದು ಅಂಗಳದ ಪಕ್ಕದ ತಮ್ಮ ಮನೆಯೊಳಗಿನಿಂದ ಹಳೆಯ ಚೆಂಡೊಂದನ್ನು ತಂದರು.

"ಹೋಗು, ರಿಂಗಿನ ಕೆಳಗೆ ನಿಲ್ಲು. ನಾನು ಎಸೀತೀನಿ. ನೀನು ಎತ್ತಿಕೊಡು."

"ನೀವು ನನ್ನನ್ನು ಯಾವತ್ತೂ ಅಲ್ಲಿ ನಿಲ್ಲಿಸಿದವರಲ್ಲ."

"ಹೌದು. ನೀನು ಬಂದ ದಿನವೇ ಹತ್ತಕ್ಕೆ ಒಂಬತ್ತು ರಿಂಗಿಗೆ ಹಾಕಿದೆ. ನನಗೆ ಆಸೆ ಹುಟ್ಟಿತು. ನಿನ್ನೊಬ್ಬಳಿಗೆ ನಿಯಮ ಮುರಿದೆ. ತಪ್ಪು ನಂದು. ನಿಲ್ಲು."

ಅವಳು ಹೋಗಿ ನಿಂತಳು.

ಮೇಷ್ಟರು ಎಸೆದ ಚೆಂಡು ರಿಂಗನ್ನು ಮುಟ್ಟಲೇ ಇಲ್ಲ. ಜಲಜಾಕ್ಷಿ ಅದನ್ನು ಹಿಡಿದು ವಾಪಸ್ ಕಳಿಸಿದಳು. ನೇರವಾಗಿ, ಎದೆ ಮಟ್ಟಕ್ಕೆ, ಪಂದ್ಯದಲ್ಲಿ ಕಳಿಸುವ ಹಾಗೆ.

ಚೆಂಡು ಮೇಷ್ಟರ ಎದೆಗೆ ಬಡಿದು, ಉರುಳಿಕೊಂಡು ಹೋಗಿ ಹೊಳೆಗೆ ಬಿತ್ತು. ಅವರು ನೀರಿಗಿಳಿದು ತಂದರು. ಮತ್ತೆ ಎಸೆದರು.

ಅವಳು ಮತ್ತೆ ಹಾಗೇ ಕಳಿಸಿದಳು. ಚೆಂಡು ಮತ್ತೆ ಹೊಳೆಗೆ ಬಿತ್ತು.

"ಸರಿಯಾಗೇ ಕೊಟ್ಟೆನಲ್ಲ ಸಾರ್?"

"ಸರಿಯಾಗೇ ಕೊಟ್ಟೆ," ಎಂದು ಮೇಷ್ಟರು ಮತ್ತೆ ನೀರಿಗಿಳಿದರು.

ಪಂಚೆ ಮೊಣಕಾಲಿನವರೆಗೂ ನೆನೆಯುತ್ತಿತ್ತು. ಅವರು ಅದನ್ನು ಎತ್ತಿ ಹಿಡಿಯಲಿಲ್ಲ. ಬಲಗೈಯಲ್ಲಿ ಚೆಂಡಿತ್ತು. ಎಡಗೈ ಸುಮ್ಮನೆ ಜೋತುಬಿದ್ದಿತ್ತು.

ಜಲಜಾಕ್ಷಿ ನೋಡುತ್ತ ನಿಂತಳು.

"ಸಾರ್, ಎಡಗೈ?"

"ದೀಪಾವಳಿ ಕಳೆದ ಮೇಲೆ ಮೇಲೇಳಲಿಲ್ಲ."

"ಮೊದಲೇ ಹೇಳಬಾರದಾ?"

"ಮೊದಲೇ ಕೇಳಬಾರದಾ?"

ಮುಂದಿನ ಚೆಂಡನ್ನು ಅವಳು ಕೂಡಲೇ ಎಸೆಯಲಿಲ್ಲ. ಎರಡು ಹೆಜ್ಜೆ ಮುಂದೆ ಬಂದಳು. ಮೊಣಕಾಲು ನೋಯುತ್ತಿದ್ದರೂ ಬಗ್ಗಿ, ನೆಲಕ್ಕೆ ಮೆಲ್ಲಗೆ ಪುಟಿಸಿದಳು. ಅದು ಮೇಲೆದ್ದು ಮೇಷ್ಟರ ಬಲ ಅಂಗೈಗೆ ಬಂದು ಕೂತಿತು.

"ಒಂದು," ಅಂದರು ಮೇಷ್ಟರು.

ನೂರು ಮುಗಿಯುವಾಗ ಬಿಸಿಲು ಹೊಳೆಯ ಆಚೆ ದಡಕ್ಕೆ ಸರಿದಿತ್ತು. ನೂರರಲ್ಲಿ ಮೇಷ್ಟರು ರಿಂಗಿಗೆ ಹಾಕಿದ್ದು ಏಳು. ಹೊಳೆಗೆ ಒಂದೂ ಬೀಳಲಿಲ್ಲ.

ಅವಳು ಮುಖ ತೊಳೆದುಕೊಂಡು ಬಂದು ಅವರ ಪಕ್ಕದಲ್ಲಿ ಕೂತಳು.

"ಆ ಹಿರಿಯರಿಗೆ ನಾನು ಏನು ಹೇಳಲಿ ಸಾರ್?"

"ಅವರೇ ಹೇಳಿ ಹೋದರಲ್ಲ."

ಅವಳು ತಲೆ ತಗ್ಗಿಸಿದಳು.

ಅವಳು ಹೊರಡಲು ಎದ್ದಾಗ ಮೇಷ್ಟರು ಕೇಳಿದರು. "ಸೊಲ್ಲಾಪುರದಲ್ಲಿ ನನ್ನ ತಂಗಿ ಇದ್ದಾಳೆ. ನೋಡಿ ಮೂರು ವರ್ಷವಾಯಿತು. ಬರುವ ಶುಕ್ರವಾರ ರಾತ್ರಿಯ ಗಾಡಿಗೆ ಒಂದು ಟಿಕೆಟ್ ಸಿಗುತ್ತದಾ?"

ಬರೆದುಕೊಳ್ಳಲು ಜಲಜಾಕ್ಷಿ ಚೀಲದಲ್ಲಿ ಕಾಗದ ಹುಡುಕಿದಳು. ಇದ್ದದ್ದು ಒಂದೇ ಕಾಗದ, ನಾಳೆ ಕೊಡಬೇಕಿದ್ದ ಪತ್ರ. ಅದನ್ನು ಮಗುಚಿ, ಹಿಂಬದಿಯ ಮೇಲೆ ಪೆನ್ನು ಇಟ್ಟಳು. ಬರೆಯದೆ ತಲೆಯೆತ್ತಿ ಅವರ ಮುಖ ನೋಡಿದಳು.

"ಶುಕ್ರವಾರ ರಾತ್ರಿ ಊಟ ಮಾಡಿ ಹೊರಡ್ತೀರಾ ಸಾರ್, ಇಲ್ಲ ಗುರುವಾರ ಊಟ ಮಾಡಿಯಾ?"

"ಶುಕ್ರವಾರ ಊಟ ಮಾಡಿ."

"ಹಾಗಾದರೆ ಶನಿವಾರದ ತಾರೀಕು ಹಾಕಬೇಕು. ಕೆಳಗಿನ ಬರ್ತ್ ಕೇಳ್ತೀನಿ. ಒಂದೇ ಕೈಯಲ್ಲಿ ಮೇಲೆ ಹತ್ತೋಕೆ ಆಗಲ್ಲ."

"ನೂರಾ ಒಂದು," ಅಂದರು ಮೇಷ್ಟರು.