ತಟ್ಟುವಿನ ಎಡಗಣ್ಣು

ಮುದಿ ತಟ್ಟುವಿನ, ಅಂದರೆ ಗಿಡ್ಡ ತಳಿಯ ಕುದುರೆಯ, ಎಡಗಣ್ಣು ಕುರುಡು. ಅದು ಕಾಣಬಾರದೆಂದೇ ವ್ಯಾಪಾರಿ ಕುದುರೆ ಸಂತೆಯಲ್ಲಿ ಅದರ ಎಡಮೈಯನ್ನು ಗೋಡೆಗೆ ಒತ್ತಿ ಕಟ್ಟಿದ್ದ.

"ಅಜ್ಜಾ, ಇವತ್ತೂ ಬಿಕರಿಯಾಗದಿದ್ದರೆ ನಿನಗೆ ಇಟ್ಟಿಗೆ ಹೊರುವ ಭಟ್ಟಿಯೇ ಗತಿ. ಅಲುಗಾಡಬೇಡ," ಎಂದಿತು ಪಕ್ಕದ ಮಾರವಾಡಿ ಕುದುರೆ.

ಸವಾರಿ ಕಲಿಯಬೇಕೆಂದು ಪುಟ್ಟ ನೀಲವ್ವ ಅಪ್ಪನೊಡನೆ ಬಂದಳು. ಕುದುರೆ ಹತ್ತುವುದು ಎಡಗಡೆಯಿಂದ. ಕಾಣದ ಕಡೆ ಕೈ ತಾಗಿದರೆ ತಾನು ಬೆಚ್ಚಿ ಮಗುವನ್ನು ಕೆಡವಬಹುದೆಂದು ತಟ್ಟುವಿಗೆ ಭಯವಾಯಿತು. ಕತ್ತು ತಿರುಗಿಸಿ ಕುರುಡುಗಣ್ಣು ತೋರಿಸಿಬಿಟ್ಟಿತು.

"ಕೆಟ್ಟೆಯಲ್ಲೋ ಮುದುಕಾ!" ಎಂದಿತು ಮಾರವಾಡಿ ಕುದುರೆ.

"ಅಪ್ಪಾ, ಈ ಅಜ್ಜ ಕಣ್ಣು ಕಾಣದ್ದನ್ನು ಮುಚ್ಚಿಡದೆ ತಾನಾಗಿಯೇ ಹೇಳಿತು. ನನಗೆ ಇದೇ ಬೇಕು," ಎಂದಳು ನೀಲವ್ವ. ಅಪ್ಪ ಅದನ್ನೇ ಕೊಂಡ.

ಈಗ ಅವಳು ಎಡಗಡೆ ಬರುವಾಗಲೆಲ್ಲ, "ಅಜ್ಜಾ, ನಾನು ಬಂದೆ," ಎಂದು ಕೂಗಿಯೇ ಮುಟ್ಟುತ್ತಾಳೆ. ಆ ಕಣ್ಣಿಗೂ ಬೆಳಕು ಬಂದಂತಾಗಿ ತಟ್ಟು ಕೃತಜ್ಞತೆಯಿಂದ ತಲೆಬಾಗುತ್ತದೆ.